ಫುನಾಬೊರಿಯ ಕೆಂಪು ಶಾಯಿ ಟೀಚರ್

ಬೆಳಗಿನ ಐದೂಮುಕ್ಕಾಲು. ಟೋಕಿಯೊದ ಫುನಾಬೊರಿ ಸ್ಟೇಷನ್ ಎದುರಿಗೆ, ಹಗಲೂ ರಾತ್ರಿ ತೆರೆದೇ ಇರುವ ಕೊಂಬಿನಿ ಅಂಗಡಿಯ ದೀಪ ಬಿಟ್ಟರೆ ಬೀದಿಯಲ್ಲಿ ಬೇರೇನೂ ಎದ್ದಿಲ್ಲ. ಆ ಬೆಳಕಿನಲ್ಲೇ ಬ್ಯಾಗಿನೊಳಗೆ ಕೀಲಿಕೈ ತಡಕುತ್ತ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಉದ್ದನೆಯ ಕೋಟಿನೊಳಗೆ ಮುದುಡಿಕೊಂಡ ಹೆಂಗಸೊಬ್ಬರು ಇಕ್ಕಟ್ಟಾದ ಮೆಟ್ಟಿಲು ಹತ್ತುತ್ತಿದ್ದಾರೆ. ನಲವತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ಮೇಲೆ ಹೋಗಿ ಬಾಗಿಲು ತೆಗೆದು, ಹೀಟರ್ ಹಾಕಿ, ಬೋರ್ಡ್ ಒರೆಸಿ, ಹನ್ನೆರಡು ಕುರ್ಚಿ ಜೋಡಿಸುತ್ತಾರೆ. ಪ್ರತಿ ಕುರ್ಚಿಯ ಎದುರಿಗೂ ಒಂದೊಂದು ಹೆಸರಿನ ಚೀಟಿ. ಹನ್ನೊಂದು ಹೆಸರು ಕಪ್ಪು ಶಾಯಿಯಲ್ಲಿವೆ, ಒಂದು ಮಾತ್ರ ಕಡುಗೆಂಪು.

"ಆ ಚೀಟಿ ಮುಟ್ಬೇಡಿ, ಅದು ನನ್ನ ದೇವರು," ಎಂದು ನಗುತ್ತಾರೆ ವಸುಂಧರಾ.

ವಸುಂಧರಾ ಅವರಿಗೆ ಈಗ ಮೂವತ್ತೊಂಬತ್ತು. ತುಮಕೂರಿನ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದವರು. ಮದುವೆಯಾಗಿಲ್ಲ. "ಯಾಕೆ ಆಗ್ಲಿಲ್ಲ ಅಂತ ಕೇಳ್ಬೇಡಿ, ಕೇಳಿ ಕೇಳಿ ನಮ್ಮ ಬೀದಿಯೋರಿಗೇ ಬೇಜಾರಾಗೋಯ್ತು," ಎಂದು ಅವರೇ ಮೊದಲೇ ಬಾಗಿಲು ಮುಚ್ಚಿಬಿಡುತ್ತಾರೆ. ಅವರು ಇಲ್ಲಿಗೆ ಬಂದದ್ದು, ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಜಗತ್ತು ಬೆದರಿದ್ದ ಕಾಲದಲ್ಲಿ. ಜಪಾನಿನ ಕಂಪನಿಗಳು ಬೆಂಗಳೂರಿನ ಎಂಜಿನಿಯರುಗಳ ಜೊತೆ ದಿನಬೆಳಗಾದರೆ ಫೋನಿನಲ್ಲಿ ಹೆಣಗುತ್ತಿದ್ದವು. ನಮ್ಮವರ ಇಂಗ್ಲಿಷ್ ಅವರಿಗೆ ಅರ್ಥವಾಗದು, ಅವರ ಮೌನ ನಮ್ಮವರಿಗೆ ಅರ್ಥವಾಗದು! ಹಾಗಾಗಿ ಫುನಾಬೊರಿಯ ಈ ಪುಟ್ಟ ಇಂಗ್ಲಿಷ್ ಶಾಲೆಗೆ ಭಾರತದ ಟೀಚರೊಬ್ಬರು ಬೇಕಾಯಿತು. ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದವರು, ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಎರಡು ಸೂಟ್‌ಕೇಸ್ ಮತ್ತು ಒಂದು ಪ್ರೆಶರ್ ಕುಕ್ಕರ್ ಹಿಡಿದು ಒಬ್ಬರೇ ಬಂದಿಳಿದರು. ವಿಮಾನ ಹತ್ತಿದ್ದು ಅದೇ ಮೊದಲು.

ಬಂದ ಮೂರನೇ ದಿನವೇ ಬೆಳಗಿನ ತರಗತಿ. ನಗರದ ನಡುವಿನ ಮಿನಾಟೋದ ದೊಡ್ಡ ದೊಡ್ಡ ಆಫೀಸುಗಳಿಗೆ ಹೋಗುವವರು ರೈಲು ಹತ್ತುವ ಮುಂಚೆ, ಆರೂವರೆಗೆ ಬಂದು ಕೂರುವ ಪಾಠ. ಹೊಸ ಹಾಜರಿ ಪುಸ್ತಕಕ್ಕೆ ಮೊದಲು ಕುಂಕುಮ ಹಚ್ಚಿ ಆಮೇಲೆ ಹೆಸರು ಬರೆಯುವುದು ಅವರು ಹನ್ನೊಂದು ವರ್ಷ ಪಾಲಿಸಿಕೊಂಡು ಬಂದ ಪದ್ಧತಿ. ಈ ಪರವೂರಿನಲ್ಲಿ ಕುಂಕುಮ ಬಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಸರಿ, ಶುಭವಾಗಲಿ ಎಂದು ಕುಂಕುಮದ ಬದಲು ಕೆಂಪು ಶಾಯಿಯ ದಪ್ಪ ಪೆನ್ನು ತೆಗೆದುಕೊಂಡು, ಹದಿನಾಲ್ಕು ಜನರ ಹೆಸರನ್ನೂ ಚೀಟಿಯ ಮೇಲೆ ಬರೆದರು. ತಾವು ಹೊಸದಾಗಿ ಕಲಿತ ಜಪಾನಿ ಅಕ್ಷರದಲ್ಲೇ ಬರೆದರು. ರಾತ್ರಿಯೆಲ್ಲ ಕೂತು, ತಪ್ಪಾದದ್ದನ್ನು ಹರಿದು, ಮತ್ತೆ ಬರೆದು.

ಚೀಟಿ ನೋಡಿದ ಕೂಡಲೇ ಹದಿನಾಲ್ಕೂ ಜನ ತಲೆ ತಗ್ಗಿಸಿದರು. "ನಾನು, ಅಬ್ಬಾ, ಎಂಥ ವಿನಯ ಅಂದ್ಕೊಂಡೆ ಕಣ್ರೀ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ ವಸುಂಧರಾ.

ಮುಂದಿನ ಪಾಠಕ್ಕೆ ಒಂಬತ್ತು ಜನ. ಆಮೇಲೆ ಐದು. ಮೂರನೇ ವಾರಕ್ಕೆ ಉಳಿದವರು ಒಬ್ಬರೇ. ಶಾಲೆಯ ಮುಖ್ಯಸ್ಥೆ ಮಾತ್ಸುದಾ ಸಾನ್ ಬಹಳ ಮೃದುವಾಗಿ, ಟೀ ಕೊಟ್ಟು, ಸುದ್ದಿ ಹೇಳಿದರು. ಮೇ ತಿಂಗಳ ಕೊನೆಗೆ ತರಗತಿಯಲ್ಲಿ ಹತ್ತು ಜನರಾದರೂ ಇರಬೇಕು. ಇಲ್ಲದಿದ್ದರೆ ತರಗತಿ ಮುಚ್ಚುತ್ತದೆ. ತರಗತಿ ಮುಚ್ಚಿದರೆ ಒಪ್ಪಂದವಿಲ್ಲ, ಒಪ್ಪಂದವಿಲ್ಲದೆ ವೀಸಾ ಇಲ್ಲ. ಎರಡೇ ತಿಂಗಳಿಗೆ ಸೂಟ್‌ಕೇಸ್ ಹಿಡಿದು ವಾಪಸ್! ಬೀಳ್ಕೊಡುಗೆಗೆ ಹಾರ ಹಾಕಿಸಿಕೊಂಡು ಬಂದವರು ಯಾವ ಮುಖ ಹೊತ್ತು ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕು?

"ನನಗೆ ಇಂಗ್ಲಿಷೇ ಬರಲ್ವೇನೋ ಅನ್ನಿಸಿಬಿಡ್ತು. ರೂಮಿಗೆ ಹೋಗಿ ಕುಕ್ಕರ್ ಇಟ್ಟು, ಅದರ ವಿಶಲ್ ಸದ್ದಲ್ಲಿ ಅಳ್ತಿದ್ದೆ. ಪಕ್ಕದ ಮನೆಯೋರಿಗೆ ಕೇಳಿಸ್ಬಾರ್ದಲ್ಲ," ಎನ್ನುತ್ತಾರೆ.

ಉಳಿದ ಆ ಒಬ್ಬರು ಓಕಾಮುರಾ ಸಾನ್. ಆಗ ಅವರಿಗೆ ಎಪ್ಪತ್ತೊಂದು. ಆಫೀಸಿನವರೇನಲ್ಲ. ಫುನಾಬೊರಿಯೂ ಸೇರಿದ ಇದೇ ಎಡೋಗಾವಾ ವಾರ್ಡಿನಲ್ಲಿ ಬಣ್ಣದ ಮೀನು ಸಾಕಿ ಮಾರುತ್ತಿದ್ದವರು. ಮಗಳು ಆಸ್ಟ್ರೇಲಿಯಾದಲ್ಲಿ, ಮೊಮ್ಮಗಳಿಗೆ ಜಪಾನಿ ಬಾರದು. ಆ ಮಗುವಿನ ಜೊತೆ ಫೋನಿನಲ್ಲಿ ನಾಲ್ಕು ಮಾತಾಡಬೇಕೆಂದು ಇಂಗ್ಲಿಷ್ ಕಲಿಯಲು ಬಂದವರು. ಒಂದು ಭಾನುವಾರ ಅವರು ತಡವರಿಸುತ್ತ, "ಸೆನ್ಸೇ, ಪ್ಲೀಸ್ ಕಮ್," ಎಂದು ಟೀಚರನ್ನು ಕರೆದುಕೊಂಡು ಹೋದದ್ದು ಎಲ್ಲಿಗೆ ಗೊತ್ತೇ? ಸ್ಮಶಾನಕ್ಕೆ!

ದೇವಾಲಯದ ಹಿಂದೆ ಸಾಲು ಸಾಲು ಕಲ್ಲು. ಒಂದರ ಮುಂದೆ ನಿಂತು ಅವರು ನೀರೆರೆದು ಒರೆಸಿದರು. ಕಲ್ಲಿನ ಮೇಲೆ ಎರಡು ಹೆಸರು. ಒಂದಕ್ಕೆ ಬಣ್ಣವಿಲ್ಲ. ಅದು ತೀರಿಕೊಂಡ ಹೆಂಡತಿಯದು. ಪಕ್ಕದ್ದಕ್ಕೆ ಕೆಂಪು ಬಣ್ಣ ತುಂಬಿದೆ. ಅದು ಓಕಾಮುರಾ ಅವರದೇ! ಗಂಡ ಹೆಂಡಿರಲ್ಲಿ ಒಬ್ಬರು ಹೋದಾಗ ಉಳಿದವರ ಹೆಸರನ್ನೂ ಆಗಲೇ ಕೆತ್ತಿಸಿ, ಅದಕ್ಕೆ ಕೆಂಪು ತುಂಬಿಡುವ ರೂಢಿ ಇಲ್ಲಿದೆ. ಹಾಗಾಗಿ ಇನ್ನೊಬ್ಬರ ಹೆಸರನ್ನು ಕೆಂಪಿನಲ್ಲಿ ಬರೆಯಲು ಇಲ್ಲಿಯವರು ಅಂಜುತ್ತಾರೆ. ವಸುಂಧರಾಗೆ ಆಗ ಹೊಳೆಯಿತು. ಹದಿನಾಲ್ಕು ಜನಕ್ಕೆ ಮೊದಲ ದಿನವೇ ಗೋರಿಕಲ್ಲು ಬರೆದುಕೊಟ್ಟಂತಾಗಿತ್ತಲ್ಲ!

ಅಲ್ಲೇ ಕಣ್ಣೀರು ಹಾಕುತ್ತ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳತೊಡಗಿದವರನ್ನು ಮುದುಕರು ಕೈಯೆತ್ತಿ ತಡೆದರು. ತಮ್ಮ ಹೆಸರಿನ ಕೆಂಪು ತೋರಿಸಿ, ಆಮೇಲೆ ತಮ್ಮ ಎದೆ ತಟ್ಟಿಕೊಂಡರು. "ರೆಡ್, ಸ್ಟಿಲ್ ಹಿಯರ್," ಎಂದರು. ಸತ್ತ ದಿನ ಆ ಕೆಂಪು ಅಳಿಸಿಬಿಡುತ್ತಾರೆ. ಇರುವ ತನಕ ಇರುತ್ತದೆ.

"ನಮ್ಮಲ್ಲೂ ಅಷ್ಟೇ ಅಲ್ವೇನ್ರೀ? ಕುಂಕುಮ ಅಂದ್ರೆ ಬಾಳು," ಎನ್ನುವಾಗ ವಸುಂಧರಾ ದನಿ ಸಣ್ಣಗಾಗುತ್ತದೆ.

ಅಂದೇ ಹದಿಮೂರು ಹೊಸ ಚೀಟಿಗಳನ್ನು ಕಪ್ಪಿನಲ್ಲಿ ಬರೆದರು. ಓಕಾಮುರಾ ಮಾತ್ರ ತಮ್ಮದನ್ನು ಬದಲಿಸಲು ಸುತಾರಾಂ ಒಪ್ಪಲಿಲ್ಲ. ಮರುದಿನದಿಂದ ವಸುಂಧರಾ ಬೆಳಗ್ಗೆ ಆರಕ್ಕೇ ಸ್ಟೇಷನ್ನಿನ ಬಾಗಿಲಲ್ಲಿ ಸೀರೆ ಉಟ್ಟು ನಿಂತರು. ಪಾಠ ಬಿಟ್ಟವರ ಮುಖ ಕಂಡಾಗಲೆಲ್ಲ ಎರಡೂ ಕೈಯಲ್ಲಿ ಚೀಟಿ ನೀಡಿ, ಸೊಂಟ ಬಗ್ಗಿಸಿ, ಜಪಾನಿಯಲ್ಲಿ ಕಲಿತುಕೊಂಡಿದ್ದ ಕ್ಷಮೆಯ ಎರಡು ವಾಕ್ಯ ಒಪ್ಪಿಸುವುದು. ಕೆಲವರು ಕಕ್ಕಾಬಿಕ್ಕಿಯಾಗಿ ರೈಲಿಗೆ ಓಡಿದರು. ಕೆಲವರು ತಾವೂ ಬಗ್ಗಿದರು. ಅವರು ಬಗ್ಗಿದರೆಂದು ಇವರು ಮತ್ತೆ ಬಗ್ಗುವುದು, ಮತ್ತೆ ಅವರು! ಮೇ ಮೂವತ್ತೊಂದರ ಬೆಳಗ್ಗೆ ಮಾತ್ಸುದಾ ಸಾನ್ ಬಾಗಿಲ ಬಳಿ ನಿಂತು ತಲೆ ಎಣಿಸಿದರು. ಹನ್ನೊಂದು ಜನ ಬಂದಿದ್ದರು.

ಈಗ ಎರಡು ವರ್ಷವಾಗುತ್ತ ಬಂತು. ದಿನಕ್ಕೆ ಆರು ತರಗತಿ, ವಾರಕ್ಕೆ ಎಂಬತ್ತಾರು ವಿದ್ಯಾರ್ಥಿಗಳು. ಬೆಂಗಳೂರಿನಿಂದ ಬರುವ ಫೋನಿನಲ್ಲಿ "ಡೂ ಒನ್ ಥಿಂಗ್" ಎಂದರೆ ಗಾಬರಿ ಬೀಳಬೇಡಿ, ಅದೊಂದು ಪ್ರೀತಿಯ ಸಲಹೆ ಅಷ್ಟೇ ಎಂದು ಎಂಜಿನಿಯರುಗಳಿಗೆ ತಿಳಿಹೇಳುತ್ತಾರೆ. ಭಾನುವಾರ ತಾವು ವಾಸವಿರುವ ಬಿಲ್ಡಿಂಗಿನಲ್ಲೇ ಇರುವ ಪದ್ಮಾ ಅವರ ಮನೆಯಲ್ಲಿ ಕನ್ನಡದ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. "ನಮ್ಮ ಮಗಳು ನಂಗೆ ಜಪಾನೀಸಲ್ಲೇ ಆನ್ಸರ್ ಮಾಡ್ತಾಳೆ. ಮೇಡಂ ಕಂಡ್ರೆ ಮಾತ್ರ, ಊಟ ಆಯ್ತಾ ಅಂತ ಅವಳೇ ಕೇಳ್ತಾಳೆ," ಎನ್ನುತ್ತಾರೆ ಬಸವನಗುಡಿಯಿಂದ ಬಂದ ಪದ್ಮಾ.

ಇಷ್ಟಾದರೂ ಕೆಳಗೆ ಮೆಟ್ಟಿಲ ಬಳಿ ನೇತುಹಾಕಿರುವ ಟೀಚರುಗಳ ಹಲಗೆಯಲ್ಲಿ ಇವರ ಹೆಸರಿರಲಿಲ್ಲ. ನಾಲ್ಕು ಹೆಸರಿದ್ದವು, ಎಲ್ಲರೂ ಅಮೆರಿಕ, ಇಂಗ್ಲೆಂಡಿನವರು. ಅಂಥ ಹೆಸರು ನೋಡಿದರೇ ಜನ ಮೆಟ್ಟಿಲು ಹತ್ತುವುದು ಎಂಬ ಲೆಕ್ಕಾಚಾರ. ವಸುಂಧರಾ ಕೇಳಲಿಲ್ಲ. "ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ನಮ್ಮಮ್ಮ ಒಂದು ಫೋಟೋ ಕಳ್ಸು ಅಂತಿದ್ರು, ಹೆಸರಿರೋ ಬೋರ್ಡಿಂದು. ಅಷ್ಟೇ."

ಕಳೆದ ವಾರ ಒಪ್ಪಂದ ಮತ್ತೊಂದು ವರ್ಷಕ್ಕೆ ಮುಂದುವರಿಯಿತು. ಸುದ್ದಿ ಕೇಳಿದ ಓಕಾಮುರಾ ಮನೆಯಿಂದ ಬ್ರಷ್ಷು, ಬಣ್ಣ ತಂದರು. ಯಾರನ್ನೂ ಒಂದು ಮಾತು ಕೇಳದೆ, ಹಲಗೆಯ ನಾಲ್ಕು ಹೆಸರಿನ ಕೆಳಗೆ ಐದನೆಯದನ್ನು ಬರೆದರು. ವಸುಂಧರಾ ಸೆನ್ಸೇ. ಕೆಂಪು ಬಣ್ಣದಲ್ಲಿ! ಮಾತ್ಸುದಾ ಸಾನ್ ನೋಡಿ ಬೆಚ್ಚಿಬಿದ್ದು ಒರೆಸುವ ಬಟ್ಟೆ ತರಲು ಹೋದರಂತೆ.

"ನಾನೇ ತಡೆದೆ," ಎನ್ನುತ್ತ ವಸುಂಧರಾ ಹೀಟರಿನ ಪಕ್ಕದ ಕುರ್ಚಿಗೆ ಆ ಕೆಂಪು ಚೀಟಿಯನ್ನು ಸರಿಸಿಡುತ್ತಾರೆ. ಕೆಳಗಿನಿಂದ ನಿಧಾನವಾಗಿ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದೆ. "ಇರ್ಲಿ ಬಿಡಿ, ಒರೆಸ್ಬೇಡಿ ಅಂದೆ. ನಾನಿನ್ನೂ ಇಲ್ಲೇ ಇದ್ದೀನಲ್ಲ."