ಶಾಲೆಯ ಹಿಂದಿನ ಪೊದೆ

ನಮ್ಮ ಟೀಚರಮ್ಮನ ಎರಡೂ ಹಿಮ್ಮಡಿ ಬಿರಿದು ಬಾಯಿಬಿಟ್ಟಿದ್ದವು. ಬಿರುಕಿನಲ್ಲಿ ಕೂತ ಕೆಮ್ಮಣ್ಣು ತೊಳೆದರೂ ಹೋಗುತ್ತಿರಲಿಲ್ಲ. ಯಳಂದೂರು ಕಡೆಯವರು, ರಾಮಾಪುರದಲ್ಲಿ ಬಾಡಿಗೆಗಿದ್ದು ನಮ್ಮೂರಿನ ಮಿಡ್ಲ್‌ಸ್ಕೂಲಿಗೆ ದಿನಾ ನಡೆದೇ ಬರುತ್ತಿದ್ದರು.

ಅರವತ್ತರ ದಶಕದ ಮಾತು. ಏಳನೇ ಕ್ಲಾಸಿನಲ್ಲಿ ನಾವು ಐವರು ಹುಡುಗಿಯರು. ಶಾಲೆಗೆ ಪಾಯಿಖಾನೆ ಇರಲಿಲ್ಲ. ಹಿಂದಿನ ಮುಳ್ಳುಪೊದೆಯೇ ನಮಗೆ ಗತಿ. ಹುಡುಗರು ಅಲ್ಲಿಗೂ ಕಲ್ಲೆಸೆದು ನಗುತ್ತಿದ್ದರು, ಹೆಡ್‌ಮಾಸ್ಟರು ಕಂಡೂ ಕಾಣದಂತಿದ್ದರು. ಮೈನೆರೆದವಳು ಮತ್ತೆ ಶಾಲೆಗೆ ಬರುತ್ತಿರಲಿಲ್ಲ. ಹೆಡ್‌ಮಾಸ್ಟರು ಹಾಜರಿಯಲ್ಲಿ ಅವಳ ಹೆಸರಿಗೆ ಗೆರೆ ಎಳೆದು ಮುಂದಿನ ಹೆಸರು ಕೂಗುತ್ತಿದ್ದರು. ಪ್ರಾರ್ಥನೆಯಲ್ಲಿ ಗಂಟಲೊಡೆದ ಹುಡುಗರಿಗೆ, ಅಣಕಿಸುತ್ತೀರಾ ಎಂದು ಬೆತ್ತದೇಟು.

"ಈ ವಯಸ್ಸಿನ ಮಕ್ಳು ಚಿಕ್ಕೋರೂ ಅಲ್ಲ, ದೊಡ್ಡೋರೂ ಅಲ್ಲ. ಅವ್ರಿಗೆ ಬೇಕಾದ ಇಸ್ಕೂಲೇ ಬ್ಯಾರೆ," ಎನ್ನುತ್ತಿದ್ದರು ಟೀಚರಮ್ಮ.

ಹಿಂದುಗಡೆ ಒಂದು ಮರೆಗೋಡೆ ಕಟ್ಟಿಸಿ ಎಂದು ಶಾಲಾ ಕಮಿಟಿಯನ್ನು ಕೇಳಿದರು. ಅಧ್ಯಕ್ಷರು ಕಟ್ಟಿಸಿದ್ದು ಮುಂದುಗಡೆ, ತಮ್ಮ ಹೆಸರಿನ ಕಲ್ಲು ಕೂರಿಸಲು. ಟೀಚರಮ್ಮ ತಾವೇ ಪೊದೆಯ ಬಳಿ ಬಿದಿರಿನ ಗಳ ನೆಟ್ಟು ಗೋಣಿತಾಟಿನ ಮರೆ ಕಟ್ಟಿದರು. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ, ನೋಡಲು ಅಸಹ್ಯವೆಂದು ಹೆಡ್‌ಮಾಸ್ಟರು ಅದನ್ನು ಕೀಳಿಸಿದರು.

ಟೀಚರಮ್ಮ ಇನ್‌ಸ್ಪೆಕ್ಟರನ್ನು ನೇರ ಪೊದೆಯ ಹತ್ತಿರಕ್ಕೇ ಕರೆದೊಯ್ದರು. ಇನ್‌ಸ್ಪೆಕ್ಟರು ಮೂಗಿಗೆ ಕರ್ಚೀಫು ಹಿಡಿದರು.

"ನಿಮ್ಗೆ ಒಂದ್ಗಳಿಗೆ ತಡ್ಯಕ್ಕಾಗ್ನಿಲ್ಲ ಸಾ. ಈ ಮಕ್ಳು ದಿನಾ ಬತ್ತವೆ."

ತಿಂಗಳೊಳಗೆ ಬಂದದ್ದು ಟೀಚರಮ್ಮನ ವರ್ಗಾವಣೆ ಆರ್ಡರು.

ಅದೇ ವಾರ ನಾನು ಮೈನೆರೆದಿದ್ದೆ. ಶಾಲೆ ಸಾಕು ಎಂದು ಅಪ್ಪ ಹೇಳಿಯಾಗಿತ್ತು. ಊರು ಬಿಡುವ ಮುನ್ನ ಟೀಚರಮ್ಮ ನಮ್ಮ ಜಗಲಿಗೆ ಬಂದು ಕೂತರು.

"ಮಗ್ಳು ಮೈನೆರೆದವ್ಳೆ ಅಷ್ಟೇಯ ಕಣ್ರಿ, ತಪ್ಪು ಮಾಡಿಲ್ಲ. ಕಳ್ಸಿ."

ಟೀಚರಮ್ಮ ಏಳಲಿಲ್ಲ. ಹೊತ್ತು ಇಳಿಯುವವರೆಗೆ ಕೂತೇ ಇದ್ದರು. ಕೊನೆಗೆ ಅಪ್ಪ, ಆಗಲಿ, ಪರೀಕ್ಷೆಯವರೆಗೆ ಹೋಗಲಿ ಎಂದರು. ಆ ಪರೀಕ್ಷೆಯಿಂದ ಹೈಸ್ಕೂಲು, ಅಲ್ಲಿಂದ ಟ್ರೈನಿಂಗು. ಎಪ್ಪತ್ತರ ದಶಕದಲ್ಲಿ ಅದೇ ಶಾಲೆಗೆ ಟೀಚರಾಗಿ ಬಂದೆ.

ಆಗಲೇ ಟೀಚರಮ್ಮ ತೀರಿಕೊಂಡ ಸುದ್ದಿ ಬಂತು. ಶಾಲೆಯಲ್ಲಿ ಸಂತಾಪ ಸಭೆ. ಅದೇ ಅಧ್ಯಕ್ಷರು ಮೈಕಿನ ಮುಂದೆ ನಿಂತು, ಹೆಣ್ಣುಮಕ್ಕಳಿಗಾಗಿ ಜೀವ ತೇಯ್ದ ಮಹಾತಾಯಿ ಎಂದು ಕಣ್ಣೊರೆಸಿಕೊಂಡರು. ನನ್ನ ಸರದಿಯಲ್ಲಿ ಪೊದೆಯ ಕಥೆಯನ್ನೆಲ್ಲ ಹೇಳಿದೆ.

"ಸತ್ತೋರ್ ಇಸ್ಯದಲ್ಲಿ ಪಾಯ್ಖಾನೆ ಮಾತ್ಯಾಕವ್ವ," ಎಂದರು ಅಧ್ಯಕ್ಷರು.

"ಬದುಕಿದ್ದಾಗ ಅವ್ರು ನಿಮ್ಮನ್ನ ಕೇಳಿದ್ದು ಅದೊಂದನ್ನೇ ಸಾ," ಎಂದೆ.