ಮುಖ ಕಾಣದ ಸಿನಿಮಾ

ಎಂಬತ್ನಾಲ್ಕರಲ್ಲಿ ಚನ್ನಗಿರಿಯ ಆ ಕಾಲೇಜಿನಲ್ಲಿ ಹುಡುಗಿಯರು ತಾವಾಗಿ ತರಗತಿಯೊಳಗೆ ಕಾಲಿಡುವಂತಿರಲಿಲ್ಲ. ಲೇಡೀಸ್ ರೂಮಿನಲ್ಲಿ ಕಾದಿದ್ದು, ಮೇಷ್ಟ್ರು ಬಂದಮೇಲೆ ಅವರ ಬೆನ್ನ ಹಿಂದೆ ತಲೆ ತಗ್ಗಿಸಿಕೊಂಡು ಸಾಲಾಗಿ ಹೋಗಬೇಕು. ಪಾಠ ಮುಗಿದರೆ ಮತ್ತೆ ಅದೇ ಮೆರವಣಿಗೆ. ಕೊನೆಯ ವರ್ಷದ ಬಿ.ಎ. ಓದುತ್ತಿದ್ದ ಕೊಟ್ರಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಬಿಳಿಚೋಡಿನಿಂದ ವರ್ಗವಾಗಿ ಬಂದ ಶಾಲಾ ಮೇಷ್ಟ್ರ ಮಗಳು, ನಾಲಿಗೆ ಸುಮ್ಮನಿರುವ ಪೈಕಿಯಲ್ಲ. “ನಾವೇನು ಕುರಿಮಂದೆಯೇ?” ಎಂದು ಗೋಡೆಪತ್ರಿಕೆಯಲ್ಲಿ ಬರೆದಳು. ಮಧ್ಯಾಹ್ನದೊಳಗೆ ಯಾರೋ ಪುಣ್ಯಾತ್ಮರು ಅದಕ್ಕೆ ಸಗಣಿ ಬಳಿದಿದ್ದರು. ಪ್ರಿನ್ಸಿಪಾಲರು ಬಳಿದವನನ್ನು ಹುಡುಕಲಿಲ್ಲ, ಬರೆದವಳನ್ನು ಕರೆಸಿ ಬೈದರು.

ಅವಳಿಗೆ ಹಟ ಹತ್ತಿತು. ಸೋದರಮಾವ ಜಂಪಣ್ಣನ ಫೋಟೋ ಸ್ಟುಡಿಯೋದಲ್ಲಿ ಮದುವೆ ತೆಗೆಯುವ ಚಿಕ್ಕ ಸಿನಿಮಾ ಕ್ಯಾಮೆರಾ ಇತ್ತು. ಕಾಡಿ ಬೇಡಿ ತಂದು ವರಾಂಡದ ನೆಲದ ಮೇಲಿಟ್ಟು, ಮುಂದೆ ಹೋಗುವ ಬೂಟು, ಹಿಂದೆ ಬರುವ ಚಪ್ಪಲಿಗಳು, ಇಷ್ಟನ್ನೇ ತೆಗೆದಳು. ಮಾತಿಲ್ಲ, ಕಥೆಯಿಲ್ಲ, ಅದೇ ನಡಿಗೆ ಮತ್ತೆ ಮತ್ತೆ.

ಗೆಳತಿ ಶಿವಗಂಗಮ್ಮ ಮಾತ್ರ ಕ್ಯಾಮೆರಾ ಮುಂದೆ ನಡೆಯಲು ಮೊದಲು ಹೆದರಿದ್ದಳು. ಅವಳಪ್ಪ ಷಣ್ಮುಖಪ್ಪ ಅಡಿಕೆ ವ್ಯಾಪಾರಿ, ಕಾಲೇಜು ಕಮಿಟಿಯ ಮೆಂಬರು. ಮಗಳು ಯಾರ ಬಾಯಿಗಾದರೂ ಬಿದ್ದರೆ ಅಂದಿಗೇ ಓದು ಬಂದ್ ಎಂದು ಹೇಳಿಬಿಟ್ಟಿದ್ದರು.

“ಮುಖಾನೇ ಬರಲ್ಲ ಕಣೇ. ಯಾರಿಗೆ ಹೆಂಗೆ ಗೊತ್ತಾಗ್ತೈತೆ?” ಎಂದು ಕೊಟ್ರಮ್ಮ ಒಪ್ಪಿಸಿದಳು.

ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಯಾರು ಬಂದಿದ್ದಾರೆಂದು ಹೇಳುವ ಜನ ಅದು. ಬುದ್ಧಿವಂತೆಗೆ ಅಷ್ಟು ಹೊಳೆಯಲಿಲ್ಲ!

ಕಾಲೇಜಿನ ದಿನಚರಿಯ ಚಿತ್ರ ಎಂದಷ್ಟೇ ಹೇಳಿ ಕೊಟ್ರಮ್ಮ ಒಪ್ಪಿಗೆ ಪಡೆದಿದ್ದಳು. ಕಾಲೇಜು ಡೇ ದಿನ ರೀಲು ಓಡಿದ್ದೇ ತಡ, ಹುಡುಗರು ಸಿಳ್ಳೆ ಹೊಡೆದು ಒಂದೊಂದು ಚಪ್ಪಲಿಗೂ ಒಂದೊಂದು ಹೆಸರು ಕೂಗತೊಡಗಿದರು. ಆಮೇಲೆ ಹೆಬ್ಬೆರಳು ತೂರಿಸುವ ಉಂಗುಷ್ಟ ಹರಿದು, ಅದಕ್ಕೆ ತಂತಿ ಸುತ್ತಿದ ಚಪ್ಪಲಿಯೊಂದು ಬಂತು. ಆ ತಂತಿ ಸುತ್ತಿಕೊಟ್ಟವರು ಮೊದಲ ಸಾಲಿನಲ್ಲೇ ಕೂತಿದ್ದರು.

“ನಿಲ್ಲಿಸ್ರೀ ಅದನ್ನ!” ಷಣ್ಮುಖಪ್ಪ ಎದ್ದು ನಿಂತರು. “ನಮ್ಮನೆ ಹೆಣ್ಮಗಳ ಕಾಲು ಊರಿಗೆಲ್ಲ ತೋರಿಸಾಕೆ ಇದೇನು ಬಯಲಾಟ ಅಂದ್ಕಂಡೀರೇನ್ರೀ?”

ಪ್ರಿನ್ಸಿಪಾಲರು ರೀಲು ಕಿತ್ತಿಟ್ಟುಕೊಂಡರು. ಕೊಟ್ರಮ್ಮನಿಗೆ ಬೈಗುಳ ಬಿತ್ತು, ಅಷ್ಟೇ. ಶಿವಗಂಗಮ್ಮ ಮರುದಿನದಿಂದ ಕಾಲೇಜಿಗೆ ಬರಲಿಲ್ಲ. ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಅವಳಿಗೆ ಹೊನ್ನಾಳಿ ಕಡೆಯ ಗಂಡು ಗೊತ್ತಾಯಿತೆಂಬ ಸುದ್ದಿ ಹಬ್ಬಿತು.

ಕೊಟ್ರಮ್ಮ ಸಿಟ್ಟಿನಲ್ಲೇ ಅವರ ಮನೆಗೆ ಹೋದಳು. ಬಾಗಿಲು ತೆಗೆದವಳು ಶಿವಗಂಗಮ್ಮನೇ. ಒಳಗೆ ಬಾ ಎನ್ನಲಿಲ್ಲ.

“ನಿಮ್ಮಪ್ಪಾರನ್ನ ಕರಿಯೇ. ಇದು ಅನ್ಯಾಯ ಅಂತ ಮುಖದ ಮೇಲೇ ಹೇಳ್ತೀನಿ.”

“ಹೇಳಿ ನಿನ್ನ ಪಾಡಿಗೆ ನೀನು ಹೋಗ್ತೀಯ,” ಎಂದಳು ಶಿವಗಂಗಮ್ಮ. “ಮೇಷ್ಟ್ರ ಹಿಂದೆ ಮೂರು ವರ್ಷ ನಡೆದೆ, ನನಗೇನೂ ಆಗಲಿಲ್ಲ. ನಿನ್ನ ಹಿಂದೆ ಒಂದು ದಿನ ನಡೆದೆ ನೋಡು.”

ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಹಾಕಿದ್ದು ಅಪ್ಪನಲ್ಲ, ಅವಳೇ.