ನನ್ನ ತಮ್ಮನ ನಾಲ್ಕು ಹಲ್ಲು

ನನ್ನ ತಮ್ಮನ ಹೊಸ ಹಲ್ಲು ಚೆನ್ನಾಗಿದೆ, ಮದುಮಗನ ಹಾಗೆ ಕಾಣ್ತಾನೆ ಅಂತ ಇನ್ನೊಬ್ಬರು ಬಂದು ಹೇಳಲಿ, ಬಾಗಿಲಿಂದಾಚೆ ಅಟ್ಟುತ್ತೇನೆ, ಅಷ್ಟೇ.

ಅವನು ಬಡಗಿ. ಕುರ್ಚಿ ಮೇಜು ಮಾಡು ಅಂದರೆ ಮುಖ ಊದಿಸಿಕೊಳ್ಳುತ್ತಾನೆ. ನಮ್ಮ ಬೆಟ್ಟದ ಹಾಡುಗಳಿಗೆ ನುಡಿಸೋ ಮೂರು ತಂತಿಯ ವಾದ್ಯ ಮಾಡೋದಕ್ಕೆ ಈಗ ಸುತ್ತಮುತ್ತ ಉಳಿದಿರೋನು ಅವನೊಬ್ಬನೇ. ಕಿವಿಯೋ, ಹನ್ನೆರಡು ವರ್ಷದ ಹಿಂದೆ ಬಂದ ಜ್ವರದಲ್ಲಿ ಹೋಯಿತು. ಎದುರು ನಿಂತು ಗಂಟಲು ಹರಿದುಕೊಂಡರೆ ಅರ್ಧಂಬರ್ಧ ಕೇಳಿಸುತ್ತೆ.

ಮತ್ತೆ ವಾದ್ಯ ಹೇಗೆ ಮಾಡ್ತಿದ್ದ? ಹಲ್ಲಿನಿಂದ! ವಾದ್ಯದ ಹೊಟ್ಟೆ ಮುಚ್ಚೋ ಮೇಲ್ಹಲಗೆಯನ್ನು ಹೆರೆದು ಹೆರೆದು ತೆಳ್ಳಗೆ ಮಾಡುವಾಗ ಅದರ ಅಂಚನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಹಿಡಿದು, ಬೆರಳ ಗೆಣ್ಣಿನಿಂದ ಟೊಕ್ ಟೊಕ್ ಅಂತ ಬಡೀತಿದ್ದ. ನಾದ ದವಡೆಯಿಂದ ತಲೆಯೊಳಕ್ಕೆ ಹೋಗುತ್ತಂತೆ. ಕೂದಲೆಳೆಯಷ್ಟು ಜಾಸ್ತಿ ಹೆರೆದರೂ ಒಂಬತ್ತು ವರ್ಷ ಒಣಗಿಸಿದ ಮರ ಸೌದೆಗೇ ಸರಿ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆಗ ಅದೊಂದು ಕೆಟ್ಟ ಚಟ ಅಂದುಕೊಂಡಿದ್ದೆ. ಮಕ್ಕಳು ಇಲಿಮಾಮ ಅಂತ ಕರೀತಿದ್ದವು. ನಾನೂ, "ಮರ ತಿಂದೇ ಹೊಟ್ಟೆ ತುಂಬಿಸ್ಕೊಂಡ್ಯಾ? ಊಟಕ್ಕೆ ಬರಲ್ವಾ?" ಅಂತ ರೇಗಿಸ್ತಿದ್ದೆ.

ಹೋದ ವರ್ಷ ಶಾಲೆಯಲ್ಲಿ ಉಚಿತ ದಂತ ಶಿಬಿರ ನಡೆಯಿತು. ಇವನ ಮೇಲಿನ ನಾಲ್ಕು ಹಲ್ಲು ಅಲುಗಾಡ್ತಿದ್ದವು, ಒಸಡು ಬಾತಿತ್ತು. ಬೇಡ ಬೇಡ ಅಂದವನ ಕೈ ಹಿಡಿದು ಎಳೆದುಕೊಂಡು ಹೋದವಳು ನಾನೇ. ಮಕ್ಕಳು ಕೂರೋ ಬೆಂಚಿನ ಮೇಲೆ ಮಲಗಿಸಿ, ಡಾಕ್ಟರು ಒಂದು ಸಲ ಟಾರ್ಚ್ ಬಿಟ್ಟು ನೋಡಿ, "ನಾಲ್ಕೂ ಕೀಳ್ಬೇಕು" ಅಂದರು. ನಾನದನ್ನು ತಮ್ಮನ ಕಿವಿಗೆ ಕೂಗಿ ಹೇಳಿದೆ.

"ಕೀಳ್ಬೇಡಿ ಸಾರ್, ಔಷಧಿ ಕೊಡಿ. ಅದ್ರಲ್ಲೇ ನಂಗೆ ಕೇಳ್ಸೋದು," ಅಂದ ತಮ್ಮ.

"ನೋಡ್ರಪ್ಪಾ, ಇವರಿಗೆ ಹಲ್ಲಲ್ಲಿ ಕಿವಿಯಂತೆ!" ಡಾಕ್ಟರು ನಕ್ಕರು. ಸಾಲಲ್ಲಿ ನಿಂತವರೆಲ್ಲ ನಕ್ಕರು. ನನ್ನ ಬಾಯಿಗೆ ಹುಳ ಬೀಳ, ನಾನೂ ನಕ್ಕೆ. "ಹೆದರ್ಕೊಂಡು ಏನೇನೋ ಹೇಳ್ತಾನೆ, ನೀವು ಕಿತ್ಬಿಡಿ ಸಾರ್," ಅಂದೆ.

ಔಷಧಿ ಕೊಟ್ಟು ಹದಿನೈದು ದಿನ ನೋಡಬಹುದಿತ್ತು ಅಂತ ಪೇಟೆಯ ಇನ್ನೊಬ್ಬ ಡಾಕ್ಟರು ಆಮೇಲೆ ಹೇಳಿದರು. ಯಾರಿಗೆ ಬೇಕು ಸ್ವಾಮಿ, ನಿಮ್ಮ ಆಮೇಲೆ? ಒಬ್ಬ ಮನುಷ್ಯ ಬೇಡ ಅಂತ ಬಾಯಿ ಬಿಟ್ಟು ಹೇಳ್ತಿದ್ದಾನೆ, ಕಾರಣವನ್ನೂ ಹೇಳ್ತಿದ್ದಾನೆ, ಏನು ಎತ್ತ ಅಂತ ಕೇಳೋದಕ್ಕೆ ನಮಗೆಲ್ಲ ಏನು ರೋಗ ಬಂದಿತ್ತು?

ಕಟ್ಟಿಸಿದ ಹಲ್ಲಲ್ಲಿ ಕಚ್ಚಿದರೆ ಅವನಿಗೆ ಏನೂ ಕೇಳಿಸಲಿಲ್ಲ, ದವಡೆ ಹಲ್ಲಿಗೆ ಅಷ್ಟಗಲದ ಹಲಗೆ ಸಿಗಲಿಲ್ಲ. ಅಂದಾಜಿನ ಮೇಲೆ ಹೆರೆದು ಮೂರು ಹಲಗೆ ಹಾಳು ಮಾಡಿದ. ನಾಲ್ಕನೆಯದನ್ನು ಮುಟ್ಟಲೇ ಇಲ್ಲ. ಉಳಿಗಳಿಗೆಲ್ಲ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟ.

ತಡೆಯಲಾರದೆ ಒಂದು ದಿನ ಆ ನಾಲ್ಕನೆಯ ಹಲಗೆ ಹಿಡಿದು ಅವನೆದುರು ಹೋಗಿ ಕೂತೆ. "ನಾನು ಕಚ್ತೀನಿ, ನೀನು ಬಡಿ," ಅಂತ ಕಿವಿ ಹತ್ತಿರ ಕೂಗಿದೆ.

"ಬೇಡಕ್ಕಾ."

"ಬಾಯಿ ಮುಚ್ಕೊಂಡು ಬಡಿಯೋ!"

ಕಚ್ಚಿದೆ. ಅವನು ಗೆಣ್ಣಿನಿಂದ ಒಂದೇಟು ಬಡಿದ. ಗುಂಯ್ ಅಂತು ತಲೆಯೆಲ್ಲ. ಹಣೆಯೊಳಗೆ, ಕಣ್ಣಿನ ಹಿಂದೆ, ಕತ್ತಿನವರೆಗೂ ನಾದ. ಅವನು ನನ್ನ ಮುಖವನ್ನೇ ನೋಡುತ್ತಾ, "ಕೇಳ್ಸ್ತಾ ಅಕ್ಕಾ? ಹೇಗಿದೆ?" ಅಂದ.

ಹನ್ನೆರಡು ವರ್ಷದಿಂದ ಅವನಿಗೆ ಸರಿಯಾಗಿ ಕೇಳಿಸ್ತಿದ್ದದ್ದು ಇದೊಂದೇ. ಅದನ್ನು ನಗುನಗುತ್ತಾ ಕೀಳಿಸಿಕೊಂಡು ಬಂದಿದ್ದೆ ನಾನು.